ಹಿಮ್ಮಡಿ ಇಲ್ಲದ ಕಾಲುಚೀಲ

ಖೊರೋಗ್, ಕಾರ್ಯಾಗಾರದಿಂದ
ಮಾರ್ಚ್ ೫, ಮಧ್ಯಾಹ್ನ ಊಟದ ಹೊತ್ತು

ಪ್ರೀತಿಯ ತಮ್ಮ ಓಲಿಮ್‌ಗೆ ಅಕ್ಕ ಸವ್ಸನ್ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪಾ? ಕೇಳಿದ ತಕ್ಷಣ ‘ಚೆನ್ನಾಗಿದ್ದೀನಕ್ಕಾ’ ಎಂದುಬಿಡಬೇಡ. ಕಳೆದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆ ಮಾತನ್ನು ವಾರಕ್ಕೊಂದು ಸಲ ಫೋನಿನಲ್ಲಿ ಕೇಳಿ ನಂಬಿ ಕೂತಿದ್ದವಳು ನಾನು. ಅಷ್ಟೂ ದಿನ ನೀನು ಆಸ್ಪತ್ರೆಯ ಮಂಚದ ಮೇಲಿದ್ದೆ, ಮೊಣಕಾಲಿನ ಕೆಳಗೆ ನಿನ್ನ ಎಡಗಾಲು ಇರಲಿಲ್ಲ. ಆದ್ದರಿಂದ ಚೆನ್ನಾಗಿದ್ದೀಯೋ ಇಲ್ಲವೋ ಎಂಬ ತೀರ್ಮಾನವನ್ನು ನನಗೆ ಬಿಡು, ಕೇಳಿದ್ದಕ್ಕಷ್ಟೇ ಉತ್ತರ ಕೊಡು. ನಿದ್ದೆ ಸರಿಯಾಗಿ ಬರುತ್ತಿದೆಯೇ? ಹೊಲಿಗೆ ಹಾಕಿದ ಗೆರೆ ಕೆಂಪಗಿದೆಯೇ, ನೀರು ಒಸರುತ್ತದೆಯೇ? ಇಲ್ಲದ ಬೆರಳುಗಳು ಈಗಲೂ ಕೆರೆಯುತ್ತವೆಯೇ? ಹೊಟ್ಟೆ ತುಂಬ ಉಣ್ಣುತ್ತೀಯೋ, ಇಲ್ಲ ಚಹಾ ಬ್ರೆಡ್ಡಿನಲ್ಲೇ ದಿನ ದೂಡುತ್ತೀಯೋ? ಒಂದೊಂದಕ್ಕೂ ಬೇರೆ ಬೇರೆಯಾಗಿ ಬರೆ. ಎಲ್ಲ ಸೇರಿಸಿ ಒಂದೇ ಸಾಲು ಬರೆದರೆ ಒಪ್ಪುವವಳಲ್ಲ ನಾನು, ನಿನಗೆ ಗೊತ್ತಿದೆ.

ಇಲ್ಲಿ ನಾನೂ ಅಮ್ಮನೂ ಕ್ಷೇಮ. ಈ ಸಲ ಹಿಮ ಜಾಸ್ತಿ ಬಿತ್ತು, ಮೇಲಿನ ರಸ್ತೆ ಎರಡು ಸಲ ಮುಚ್ಚಿ ತೆರೆಯಿತು. ಹಳ್ಳದ ಕಡೆಯ ಗೋಡೆ ಸ್ವಲ್ಪ ಕುಸಿದಿದೆ, ಬೇಸಿಗೆಯಲ್ಲಿ ನೋಡಿಕೊಳ್ಳೋಣ. ಅಮ್ಮನಿಗೆ ಎಪ್ಪತ್ತೊಂದು ತುಂಬಿತು. ಕಣ್ಣು ಇನ್ನೂ ಗಿಡುಗನದು, ಬಾಯಿ ಅದಕ್ಕಿಂತ ಚುರುಕು. ಮೊಣಕಾಲು ನೋವು ಎಂದು ಹೇಳಿ ಜನವರಿಯ ಕೊನೆಯಲ್ಲಿ ಗಾರೆಯವನನ್ನು ಕರೆಸಿದಳು. ಮನೆಯೊಳಗೆ ಬೂಟು ಬಿಡುವ ತಗ್ಗಿನಿಂದ ನಮ್ಮ ದೊಡ್ಡ ಜಗಲಿಗೆ ಹತ್ತಲು ನಡುವೆ ಅರ್ಧ ಮೆಟ್ಟಿಲು ಮಾಡಿಸಿದಳು, ಕೈ ಹಿಡಿದುಕೊಳ್ಳಲು ಕಂಬಕ್ಕೊಂದು ಅಡ್ಡಪಟ್ಟಿಯನ್ನೂ ಹೊಡೆಸಿದಳು. ಆ ಚಳಿಯಲ್ಲಿ ಗಾರೆ ಒಣಗಲು ಎಂಟು ದಿನ ಒಲೆ ಉರಿಸಬೇಕಾಯಿತು. ಇಷ್ಟೆಲ್ಲ ಆದಮೇಲೆ ಆ ಮೆಟ್ಟಿಲನ್ನು ಒಂದು ದಿನವಾದರೂ ಮೆಟ್ಟಿದ್ದಾಳೆಯೇ? ಇಲ್ಲ. ಮೇಕೆಮರಿಯ ಹಾಗೆ ನೇರ ಜಗಲಿಗೇ ಹತ್ತುತ್ತಾಳೆ. ಕೇಳಿದರೆ ‘ಇರ್ಲಿ ಬಿಡೇ, ಮನೆ ಅಂದ್ಮೇಲೆ ಮೆಟ್ಲು ಇರ್ಬೇಕು’ ಅನ್ನುತ್ತಾಳೆ. ವಯಸ್ಸಾದವರ ಹಟದ ಮುಂದೆ ಯಾರಿಂದ ಏನು ಮಾಡಲಾಗುತ್ತದೆ?

ಫೋನು ಇರುವಾಗ ಇವಳೇಕೆ ಕಾಗದ ಬರೆಯುತ್ತಾಳೆ ಎಂದು ನಗಬೇಡ. ಫೋನಿನಲ್ಲಿ ಮಾತಾಡಿದರೆ ಅಮ್ಮ ಪಕ್ಕದಲ್ಲೇ ಕೊಕ್ಕೆಕಡ್ಡಿ ಹಿಡಿದು ಹೆಣೆಯುತ್ತ ಕೂತಿರುತ್ತಾಳೆ. ಒತ್ತಿ ಒತ್ತಿ ಬರೆಯೋಣವೆಂದರೆ ಇಪ್ಪತ್ತಾರು ವರ್ಷ ಕೃತಕ ಕಾಲಿನ ಅಚ್ಚಿಗೆ ಪ್ಲಾಸ್ಟರ್ ಕಲಸಿದ ಈ ಬೆರಳುಗಳ ಮಾತನ್ನು ಫೋನು ಕೇಳುವುದಿಲ್ಲ. ಪಕ್ಕದ ಮನೆಯ ಜುಮಾಖಾನ್ ನಾಳೆ ಬೆಳಿಗ್ಗೆ ದುಶಾಂಬೆಗೆ ಹೊರಟು ಅಲ್ಲಿಂದ ವಿಮಾನದಲ್ಲಿ ರಷ್ಯಕ್ಕೆ, ನಿಮ್ಮ ಊರಿಗೆ ಬರುತ್ತಾನೆ. ಈ ಕಾಗದವನ್ನೂ ಜೊತೆಗಿರುವ ಗಂಟನ್ನೂ ನಿನ್ನ ಕೈಗೇ ಕೊಡಬೇಕೆಂದು ಹೇಳಿದ್ದೇನೆ. ಅವನಿಗೂ ವಿಷಯ ಗೊತ್ತಿಲ್ಲ. ಅವನು ಬರುವಾಗ ಊರುಗೋಲನ್ನು ಎಲ್ಲಿ ಅಡಗಿಸುತ್ತೀಯೋ, ಅದು ನಿನ್ನ ತಲೆನೋವು.

ಫೆಬ್ರವರಿಯ ಮೊದಲ ವಾರ ನೀನು ಕಳಿಸಿದ ನಾಲ್ಕು ಸಾಲನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ‘ಕಾಲನ್ನು ಮಂಚದ ಕೆಳಗೆ ಇಟ್ಟಿದ್ದೇನೆ. ಕೋಣೆಯಲ್ಲಿ ಹಾಕಿ ನಡೆದರೆ ಮೊಣಕಾಲನ್ನು ಯಾರೋ ಹಿಂದಕ್ಕೆ ನೂಕಿದ ಹಾಗೆ, ಸಂಜೆಯಾದರೆ ತುದಿಗೆ ಒನಕೆಯಲ್ಲಿ ಕುಟ್ಟಿದ ಹಾಗೆ. ನವ್ರೂಜ್ ಹಬ್ಬಕ್ಕೆ ಬರುವುದಿಲ್ಲ. ಮೂರು ಕಾಲಿನಲ್ಲಿ ಅಮ್ಮನ ಮುಂದೆ ನಿಲ್ಲಲಾರೆ.’ ಅಮ್ಮನಿಗೆ ಹೇಳುವುದಿಲ್ಲ ಎಂದು ಸೆಪ್ಟೆಂಬರ್‌ನಲ್ಲಿ ನಿನಗೆ ಮಾತು ಕೊಟ್ಟೆ, ಇವತ್ತಿನವರೆಗೂ ಉಸಿರೆತ್ತಿಲ್ಲ. ನೀನು ಕ್ಯಾಮೆರಾ ಮುಂದೆ ಮುಖ ಮಾತ್ರ ತೋರಿಸಿ ನಗುವಾಗ, ಪಕ್ಕದಲ್ಲಿ ಕೂತು ನಾನೂ ನಗುತ್ತೇನೆ. ಆಮೇಲೆ ಹಟ್ಟಿಗೆ ಹೋಗಿ ಅಳುತ್ತೇನೆ. ನಮ್ಮ ಹಸುವಿಗೆ ಎಲ್ಲ ಗೊತ್ತು, ಅಮ್ಮನಿಗೆ ಏನೂ ಗೊತ್ತಿಲ್ಲ.

ನಿನ್ನ ವಿಷಯದಲ್ಲಿ ನಾನೊಂದು ತಪ್ಪು ಮಾಡಿದ್ದೇನೆ, ಅದನ್ನು ಒಪ್ಪಿಕೊಳ್ಳುವುದಕ್ಕೇ ಈ ಕಾಗದ ಹಿಡಿದದ್ದು. ನವೆಂಬರ್‌ನಲ್ಲಿ ನಿನಗೆ ಕೃತಕ ಕಾಲು ಕೊಟ್ಟ ವಾರ, ಅಮ್ಮ ಹಟ್ಟಿಯಲ್ಲಿದ್ದಾಗ ನೀನು ಫೋನ್ ಮಾಡಿ ‘ನೋಯ್ತಿದೆ ಅಕ್ಕಾ’ ಅಂದೆ. ನಾನು ಏನಂದೆ? ‘ಮೊದಮೊದಲು ಎಲ್ರಿಗೂ ನೋಯುತ್ತೆ ಕಣೋ, ಹಲ್ಲು ಕಚ್ಚಿಕೊಂಡು ನಡಿ.’ ನೀನು ಒಳ್ಳೆಯ ಹುಡುಗನ ಹಾಗೆ ಹಲ್ಲು ಕಚ್ಚಿಕೊಂಡು ನಡೆದೆ, ಬೊಬ್ಬೆ ಎದ್ದಿತು, ಬೊಬ್ಬೆ ಒಡೆಯಿತು, ಕಾಲು ಮಂಚದ ಕೆಳಗೆ ಸೇರಿತು. ನೋವು ಎಲ್ಲಿ, ಯಾವ ಹೊತ್ತಿಗೆ, ಏನು ಮಾಡುವಾಗ ಎಂದು ಒಂದು ಪ್ರಶ್ನೆ ಕೇಳಲಿಲ್ಲ ನಾನು. ಯಾರೋ ದಾರಿಹೋಕ ಬಂದಿದ್ದರೆ ಅರ್ಧ ಗಂಟೆ ಕೂರಿಸಿ ಕೇಳುತ್ತಿದ್ದೆ. ಸ್ವಂತ ತಮ್ಮನ ವಿಷಯಕ್ಕೆ ಬಂದಾಗ ಹೆದರಿಕೆಗೆ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಇದು ನನಗೆ ಅರ್ಥವಾದದ್ದು ಕಳೆದ ತಿಂಗಳು, ಅಕ್‌ನಜರ್ ದೊಡ್ಡಪ್ಪನ ಮನೆಯಲ್ಲಿ.

ಅಕ್‌ನಜರ್ ಯಾರೆಂದು ನಿನಗೆ ನೆನಪಿರಲಿಕ್ಕಿಲ್ಲ. ಗುಂಟ್ ಕಣಿವೆಯ ಮೇಲಿನವನು, ನಲವತ್ತು ವರ್ಷ ಪಾಮಿರ್ ರಸ್ತೆಯಲ್ಲಿ ಲಾರಿ ಓಡಿಸಿದವನು. ಎರಡು ವರ್ಷದ ಹಿಂದೆ ಟೈರು ಬದಲಿಸುವಾಗ ಮೇಲಿನಿಂದ ಬಂಡೆ ಉರುಳಿ ಎಡಗಾಲು ಹೋಯಿತು, ನಿನ್ನ ಹಾಗೇ ಮೊಣಕಾಲಿನ ಕೆಳಗೆ. ಡಿಸೆಂಬರ್‌ನಲ್ಲಿ ಅವನಿಗೆ ಹೊಸ ಕಾಲು ಮಾಡಿಕೊಟ್ಟೆ. ಮೋಟುಗಾಲು ಕೂರುವ ಬಟ್ಟಲಿದೆಯಲ್ಲ, ನಾವು ಸಾಕೆಟ್ ಅನ್ನುವುದು, ಅದನ್ನು ನಾನೇ ಅಚ್ಚು ತೆಗೆದು ಕೂರಿಸಿದ್ದು. ಹೆಮ್ಮೆಯಿಂದ ಹೇಳುತ್ತೇನೆ, ಒಳ್ಳೆಯ ಬಟ್ಟಲು. ಎಲ್ಲಿ ಮಾಂಸ ಭಾರ ತಾಳುತ್ತದೋ ಅಲ್ಲಿ ಒತ್ತಿದ್ದೆ, ಎಲ್ಲಿ ಮೂಳೆ ಚರ್ಮಕ್ಕೆ ಹತ್ತಿರವೋ ಅಲ್ಲಿ ಜಾಗ ಬಿಟ್ಟಿದ್ದೆ. ಕಂಬಿಗಳ ನಡುವೆ ನಡೆಸಿದರೆ ಮದುಮಗನ ಹಾಗೆ ನಡೆದ. ‘ದಿನಾ ಹಾಕೋ ಬೂಟು ಇದೇ ತಾನೇ ದೊಡ್ಡಪ್ಪಾ?’ ಎಂದು ಕೇಳಿದೆ. ಅದನ್ನು ಎಲ್ಲರನ್ನೂ ಕೇಳುತ್ತೇವೆ, ಬೂಟಿನ ಹಿಮ್ಮಡಿ ನೋಡಿಯೇ ಪಾದ ಕೂರಿಸಬೇಕು. ‘ಇದೇ. ಮತ್ಯಾವ್ದು ಇರುತ್ತೆ?’ ಅಂದ.

ಹತ್ತು ದಿನಕ್ಕೆ ವಾಪಸ್ ಬಂದ. ‘ಏನಮ್ಮಾ ಸವ್ಸನ್, ಇದು ಕಾಲಾ ಇಲ್ಲ ಇಲಿಬೋನಾ? ಒಳಗೆ ಇಟ್ರೆ ಕಚ್ಚುತ್ತಲ್ಲ!’ ನೋಡಿದರೆ ಮಂಡಿಚಿಪ್ಪಿನ ಕೆಳಗೆ ಕೆಂಪು, ಹಿಂದೆ ಮೀನಖಂಡದ ತುದಿಯಲ್ಲಿ ಕೆಂಪು. ಆ ಜಾಗಕ್ಕೆ ತುಟಿಬಣ್ಣ ಹಚ್ಚಿ ಬಟ್ಟಲಿನಲ್ಲಿ ನಿಲ್ಲಿಸಿದೆ. ಎಲ್ಲಿ ಬಣ್ಣ ಅಂಟುತ್ತದೋ ಅಲ್ಲಿ ಉಜ್ಜಿ ತೆಗೆಯುವುದು ನಮ್ಮ ಪದ್ಧತಿ. ‘ಅರವತ್ತೆಂಟು ವರ್ಷಕ್ಕೆ ಕಾಲಿಗೆ ತುಟಿಬಣ್ಣ ಬಳೀತೀಯಲ್ಲೇ! ಮನೇಲಿ ಹೆಂಡ್ತಿ ನೋಡಿದ್ರೆ ಏನಂತ ಹೇಳ್ಲಿ?’ ಎಂದು ಇಡೀ ಕಾರ್ಯಾಗಾರಕ್ಕೆ ಕೇಳುವ ಹಾಗೆ ಕೂಗಿದ. ಬಟ್ಟಲಿನ ತಳಕ್ಕೆ ಕಣಕದ ಸಣ್ಣ ಉಂಡೆ ಹಾಕಿ ನಿಲ್ಲಿಸಿದೆ, ಎಷ್ಟು ಚಪ್ಪಟೆಯಾಗುತ್ತದೆಂದು ನೋಡಲು. ಅದೂ ಸರಿಯಾಗೇ ಇತ್ತು. ಸ್ವಲ್ಪ ಉಜ್ಜಿ ಕಳಿಸಿದೆ. ಮತ್ತೆ ಬಂದ, ಮತ್ತೆ ಉಜ್ಜಿದೆ. ಮೂರನೇ ಸಲ ಬಂದಾಗ ನನ್ನ ತಾಳ್ಮೆ ಕೆಟ್ಟಿತು. ನನ್ನ ಕಣ್ಣೆದುರು ನೆಟ್ಟಗೆ ನಡೆಯುತ್ತಾನೆ, ಮನೆಗೆ ಹೋಗಿ ಗೋಳಾಡುತ್ತಾನೆ! ‘ದೊಡ್ಡಪ್ಪಾ, ಕಾಲಲ್ಲಿ ಏನೂ ಇಲ್ಲ, ಎಲ್ಲ ನಿಮ್ಮ ತಲೇಲಿದೆ’ ಎಂದುಬಿಟ್ಟೆ. ಮುದುಕ ನನ್ನ ಮುಖ ನೋಡಿ, ‘ಆಯ್ತು ಬಿಡು ಮಗಳೇ. ನಿನ್ನ ಹತ್ರ ಇದ್ರೆ ಸರಿಯಾಗಿರುತ್ತೆ, ನನ್ನ ಮನೆಗೆ ಬಂದ್ರೆ ಹುಚ್ಚು ಹಿಡಿಯುತ್ತೆ’ ಎಂದು ಹೇಳಿ ಎದ್ದು ಹೋದ. ಸರಿಯಾದ ಉತ್ತರ ಅವನ ಬಾಯಲ್ಲೇ ಇತ್ತು. ಕೇಳಿಸಿಕೊಳ್ಳುವ ಕಿವಿ ನನಗಿರಲಿಲ್ಲ.

ಮತ್ತೆ ಅವನು ಬರಲಿಲ್ಲ. ಫೆಬ್ರವರಿಯಲ್ಲಿ ಅವನ ಹೆಂಡತಿ ನಿಸೋರ್ಮೊ ವ್ಯಾನಿನವನ ಕೈಲಿ ಹೇಳಿ ಕಳಿಸಿದಳು: ‘ಕಾಲನ್ನ ಕೋಳಿಗೂಡಿನ ಮೇಲೆ ಇಟ್ಟಿದ್ದಾರೆ. ಕೋಳಿ ಅದ್ರೊಳಗೆ ಮೊಟ್ಟೆ ಇಡೋಕೆ ಮುಂಚೆ ಬಂದು ತಗೊಂಡು ಹೋಗು.’ ನಿನ್ನ ನಾಲ್ಕು ಸಾಲು ಬಂದು ಮೂರು ದಿನವಾಗಿತ್ತು. ಮಂಚದ ಕೆಳಗಿನ ಕಾಲು ಒಂದು ಕಡೆ, ಕೋಳಿಗೂಡಿನ ಮೇಲಿನ ಕಾಲು ಇನ್ನೊಂದು ಕಡೆ. ಭಾನುವಾರ ಹೋಗಿ ಬರುತ್ತೇನೆಂದು ಅಮ್ಮನಿಗೆ ಹೇಳಿದೆ. ‘ನಾನೂ ಬರ್ತೀನಿ, ನಿಸೋರ್ಮೊ ಹತ್ರ ಮೇಕೆ ತುಪ್ಪಳ ತರ್ಬೇಕು’ ಎಂದು ಶಾಲು ಹೊದ್ದು ನಿಂತೇಬಿಟ್ಟಳು. ಹಿಮದಲ್ಲಿ, ಮೊಣಕಾಲು ನೋವಿನಲ್ಲಿ, ಎರಡು ಗಂಟೆಯ ದಾರಿ. ತುಪ್ಪಳ ಬೇಕಿದ್ದರೆ ನಾನೇ ತರುತ್ತಿದ್ದೆನಲ್ಲ! ಎಷ್ಟು ಹೇಳಿದರೂ ಕೇಳಲಿಲ್ಲ.

ಅಲ್ಲಿ ಹೋದೆವು. ಮಾಮೂಲಿನಂತೆ ಬಾಗಿಲ ಒಳಗೆ ತಗ್ಗಿನಲ್ಲಿ ಬೂಟು ಬಿಟ್ಟು ಜಗಲಿಗೆ ಹತ್ತಿದೆವು. ನಿಸೋರ್ಮೊ ಬೆಣ್ಣೆ ಹಾಕಿದ ಶಿರ್‌ಚಾಯ್ ಕೊಟ್ಟಳು, ರೊಟ್ಟಿ ಮುರಿದಳು. ಅಕ್‌ನಜರ್ ಮುಖ ಊದಿಸಿಕೊಂಡೇ ಕಾಲು ತಂದು, ಕೋಳಿಪುಕ್ಕ ಕೊಡವಿ, ಹಾಕಿಕೊಂಡ. ‘ನಡೀರಿ ನೋಡೋಣ’ ಅಂದೆ. ಜಗಲಿಯ ಹಾಸಿನ ಮೇಲೆ, ನಾವೆಲ್ಲ ಇರುವ ಹಾಗೆ ಬರಿ ಕಾಲುಚೀಲದಲ್ಲಿ ನಡೆದ. ಎರಡು ಹೆಜ್ಜೆಗೇ ಹಲ್ಲು ಕಡಿದ. ನಾನು ಬಟ್ಟಲಿನ ಅಂಚನ್ನೇ ನೋಡುತ್ತಿದ್ದೆ, ಅಭ್ಯಾಸ ಬಲ. ಅಮ್ಮ ಮಾತ್ರ ಕೆಳಗೆ ಹೊಸ್ತಿಲ ಹತ್ತಿರ ಸಾಲಾಗಿ ಬಿಟ್ಟಿದ್ದ ಪಾದರಕ್ಷೆಗಳನ್ನು ನೋಡಿದಳು, ಅವನ ಮೊಣಕಾಲು ನೋಡಿದಳು, ಮತ್ತೆ ಪಾದರಕ್ಷೆ ನೋಡಿದಳು. ‘ಭಾವಾ, ಮೊಣಕಾಲು ಯಾಕೆ ಹಿಂದಕ್ಕೆ ಹೋಗ್ತಿದೆ? ಹಿಮ್ಮಡಿ ಕೆಳಗೆ ಏನೋ ಇರ್ಬೇಕಿತ್ತು, ಅದಿಲ್ಲ’ ಅಂದಳು. ಅಷ್ಟು ಹೊತ್ತಿಗೆ ನನ್ನ ಕಣ್ಣೂ ಹೊಸ್ತಿಲಿಗೆ ಹೋಯಿತು. ಅಲ್ಲಿ ಒಂದು ಜೊತೆ ಚಪ್ಪಟೆ ರಬ್ಬರ್ ಗಲೋಶ್, ನಿಸೋರ್ಮೊಳ ಗಲೋಶ್, ನಮ್ಮವು. ಎರಡು ಬೆರಳು ಎತ್ತರದ ಹಿಮ್ಮಡಿಯ ಆ ಹೊಳೆಯುವ ಕಪ್ಪು ಬೂಟು ಎಲ್ಲೂ ಇಲ್ಲ.

‘ನಿಮ್ಮ ಬೂಟೆಲ್ಲಿ ದೊಡ್ಡಪ್ಪಾ?’ ಅಂದೆ. ಮುದುಕ ಸೂರಿನ ಬೆಳಕಿಂಡಿ ನೋಡತೊಡಗಿದ. ನಿಸೋರ್ಮೊ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ‘ಯಾವ ಬೂಟು? ಓ, ಅದಾ! ಅದು ನಮ್ಮ ಅಳಿಯನ ಮದುವೆ ಬೂಟು ಕಣಮ್ಮಾ. ನಿನ್ನ ಹತ್ರ ಬರೋ ದಿನ ಕೇಳಿ ಇಸ್ಕೊಂಡು ಬರ್ತಾರೆ.’ ಮುದುಕನಿಗೆ ರೇಗಿತು: ‘ಮತ್ತಿನ್ನೇನು, ಪೇಟೆಗೆ ಗಲೋಶ್ ಹಾಕ್ಕೊಂಡು ಬರ್ಲಾ? ನಾಲ್ಕು ಜನ ನೋಡಲ್ವಾ?’ ಅಯ್ಯೋ ದೇವರೇ! ಎತ್ತರದ ಹಿಮ್ಮಡಿಗೆ ಪಾದ ಕೂರಿಸಿ ಕೊಟ್ಟಿದ್ದೇನೆ, ಅವನು ಮನೆಯಲ್ಲಿ ಬರಿಗಾಲು, ಹಟ್ಟಿಯಲ್ಲಿ ಚಪ್ಪಟೆ ಗಲೋಶ್. ಹಿಮ್ಮಡಿ ಎರಡು ಬೆರಳು ಕೆಳಗಿಳಿದರೆ ಇಡೀ ಕಾಲೇ ಹಿಂದಕ್ಕೆ ವಾಲುತ್ತದೆ, ಮೊಣಕಾಲನ್ನು ಹಿಂದಕ್ಕೆ ನೂಕುತ್ತದೆ, ಬಟ್ಟಲು ಮೇಲೆ ಮುಂಭಾಗವನ್ನೂ ಕೆಳಗೆ ಹಿಂಭಾಗವನ್ನೂ ಕಚ್ಚುತ್ತದೆ. ಬಟ್ಟಲಿನ ತಪ್ಪೇನೂ ಇಲ್ಲ, ನಾನು ಎರಡು ಸಲ ಅದನ್ನೇ ಹಿಡಿದು ಉಜ್ಜಿದ್ದೇನೆ. ನಮ್ಮ ಜನ ಕಾರ್ಯಾಗಾರಕ್ಕೆ ಮದುವೆಗೆ ಹೊರಟವರ ಹಾಗೆ ಸಿಂಗರಿಸಿಕೊಂಡು ಬರುತ್ತಾರೆ ಎಂದು ಗೊತ್ತಿದ್ದೂ, ಮನೆಯ ಹೊಸ್ತಿಲು ನೋಡದೆ ಕಾಲು ಕೂರಿಸಿದ್ದೇನೆ.

ಅಲ್ಲೇ ಚೀಲದಿಂದ ಸ್ಪ್ಯಾನರ್ ತೆಗೆದು ಪಾದದ ತಿರುಪು ಸಡಿಲಿಸಿ, ಚಪ್ಪಟೆ ನೆಲಕ್ಕೆ ಹೊಂದಿಸಿದೆ. ಉಜ್ಜಿ ತೆಳುವಾದ ಜಾಗಕ್ಕೆ ಮೆತ್ತನೆಯ ಚರ್ಮ ಅಂಟಿಸಿದೆ. ಎದ್ದು ನಡೆದ. ಜಗಲಿಯ ಈ ತುದಿಯಿಂದ ಆ ತುದಿಗೆ, ಮತ್ತೆ ಈ ತುದಿಗೆ. ಕೆಳಗಿಳಿದು ಗಲೋಶ್ ಹಾಕಿಕೊಂಡು ಹೊರಗೆ ಹೋಗಿ ಕೋಳಿಗೂಡಿಗೆ ಒಂದು ಸುತ್ತು ಹಾಕಿ ಬಂದ. ‘ಹಂಗಾದ್ರೆ ಇನ್ಮೇಲೆ ಆ ಬೂಟು ಹಾಕೋ ಹಾಗಿಲ್ವಾ?’ ಎಂದು ಮಾತ್ರ ಕೇಳಿದ, ಸ್ವಲ್ಪ ಬೇಜಾರಿನಲ್ಲೇ. ಅಮ್ಮ ಅಂದಳು: ‘ಪೇಟೆಗೆ ವರ್ಷಕ್ಕೆ ನಾಲ್ಕು ದಿನ ಹೋಗ್ತೀಯ ಭಾವಾ. ಮಿಕ್ಕ ದಿನ ಎಲ್ಲ ಮನೇಲಿ. ಕಾಲು ಮನೆಗೆ ಬೇಕಾ, ನಾಲ್ಕು ಜನಕ್ಕೆ ಬೇಕಾ?’ ಅವನು ನಕ್ಕ. ನನ್ನ ಕ್ಷಮೆ ಕೇಳುವ ಸರದಿ ಬಂತು, ಕೇಳಿದೆ. ‘ನೋಯುತ್ತೆ ಅಂದವರನ್ನ ನಂಬು ಮಗಳೇ, ಅಷ್ಟು ಸಾಕು’ ಅಂದ. ಬೂಟಿನ ವಿಷಯದಲ್ಲಿ ತಾನು ಸುಳ್ಳು ಹೇಳಿದ್ದರ ಬಗ್ಗೆ ಒಂದಕ್ಷರ ಇಲ್ಲ ನೋಡು, ಘಾಟಿ ಮುದುಕ!

ಹೊರಡುವ ಮುಂಚೆ ಅಮ್ಮ ಅವನ ಮೋಟುಗಾಲು ನೋಡಬೇಕು ಎಂದಳು. ನನಗೇ ಮುಜುಗರವಾಯಿತು. ಅವನು ಪಾಯಿಜಾಮ ಮಡಿಸಿ ತೋರಿಸಿದ. ಅಂಗೈಯನ್ನು ಅದರ ಮೇಲೆ ಇಟ್ಟು ಬಹಳ ಹೊತ್ತು ಕೂತಿದ್ದಳು. ಚಳಿಗೆ ನೋಯುತ್ತಾ, ಇಲ್ಲದ ಬೆರಳು ಕೆರೆಯುತ್ತಾ, ಸ್ನಾನಕ್ಕೆ ಹೇಗೆ ಹೋಗ್ತೀಯ, ಮೊದಲನೇ ಸಲ ಹೆಂಡತಿಗೆ ತೋರಿಸಿದಾಗ ನಾಚಿಕೆ ಆಯ್ತಾ ಎಂದೆಲ್ಲ ಕೇಳಿದಳು. ‘ಆಯ್ತಕ್ಕಾ. ಒಂದು ದಿನ ಆಯ್ತು. ಎರಡನೇ ದಿನ ಅವಳು ಕಸ ಗುಡಿಸೋವಾಗ ಕಾಲೆತ್ತು ಅಂದ್ಲು, ಎತ್ತಿದೆ, ಅಲ್ಲಿಗೆ ಮುಗೀತು’ ಅಂದ. ಬಟ್ಟಲಿನೊಳಗೆ ಮೋಟುಗಾಲಿಗೆ ಹಾಕುವ ಚೀಲ ತರಿಸಿ ಒಳಮೈ ಹೊರಮೈ ತಿರುವಿ ನೋಡಿ, ‘ತುದೀಲಿ ಹೊಲಿಗೆ ಇದ್ರೆ ಒತ್ತುತ್ತೆ’ ಎಂದು ತಪ್ಪು ಹುಡುಕಿದಳು. ನೂಲಿನಲ್ಲಿ ಅಳತೆ ತೆಗೆದು ಗಂಟು ಹಾಕಿಕೊಂಡಳು. ಮನೆಗೆ ಬಂದ ಮೇಲೆ ಮೇಕೆಯ ಮೆತ್ತನೆ ತುಪ್ಪಳ ನೂತು ಅವನಿಗೆ ಎರಡು ಚೀಲ ಹೆಣೆದಳು. ನಮ್ಮ ಜುರಾಬ್ ಕಾಲುಚೀಲ ಹೆಣೆಯುವುದು ನಿನಗೆ ಗೊತ್ತಲ್ಲ, ಬೆರಳ ತುದಿಯಿಂದ ಶುರು ಮಾಡಿ ಮೇಲಿನವರೆಗೆ ನೆಟ್ಟಗೆ ಕೊಳವೆಯ ಹಾಗೆ ಬಂದು, ಕೊನೆಗೆ ಜಾಗ ಬಿಡಿಸಿ ಹಿಮ್ಮಡಿ ಸೇರಿಸುವುದು. ‘ಹಿಮ್ಮಡಿ ಸೇರಿಸ್ದೆ ಬಿಟ್ರೆ ಆಯ್ತು, ಅಷ್ಟೇ ತಾನೇ’ ಅಂದಳು. ತುದಿಯಲ್ಲಿ ಒಂದು ಗಂಟಿಲ್ಲ, ಒಂದು ಹೊಲಿಗೆ ಇಲ್ಲ. ನಮ್ಮ ಕಾರ್ಯಾಗಾರಕ್ಕೆ ಬರುವ ಯಾವ ಚೀಲವೂ ಅದರ ಮುಂದೆ ನಿಲ್ಲುವುದಿಲ್ಲ. ಅವನಿಗೆ ಎರಡು ಕೊಟ್ಟಾಯಿತು, ಇನ್ನೂ ಹೆಣೆಯುತ್ತಲೇ ಇದ್ದಾಳೆ. ರುಚಿ ಹತ್ತಿರಬೇಕು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಿಜ ಹೇಳು, ಅಳತೆಗೆಂದು ಹೋದ ದಿನ ಯಾರ ಬೂಟು ಹಾಕಿಕೊಂಡು ಹೋಗಿದ್ದೆ? ರಷ್ಯದವರು ಬಡವ ಅಂದುಕೊಳ್ಳಬಾರದೆಂದು ಜೊತೆಯವರ ಹೊಸ ಬೂಟು ಕೇಳಿ ಇಸಿದುಕೊಂಡಿದ್ದೆಯೋ ಇಲ್ಲವೋ? ನಿಮ್ಮ ಕೋಣೆಯಲ್ಲಿ ನಮ್ಮವರೇ ಎಂಟು ಜನ. ಬಾಗಿಲಲ್ಲೇ ಬೂಟು ಬಿಟ್ಟು ಬರಿ ಕಾಲುಚೀಲದಲ್ಲಿ ಓಡಾಡುತ್ತೀರಿ. ಅಲ್ಲೇ ತಾನೇ ನಿನ್ನ ಮೊಣಕಾಲನ್ನು ಯಾರೋ ಹಿಂದಕ್ಕೆ ನೂಕುವುದು? ಆ ಬೂಟಿನ ಹಿಮ್ಮಡಿಯಷ್ಟೇ ದಪ್ಪದ ಒಂದು ಗಟ್ಟಿ ರಬ್ಬರ್ ತುಂಡನ್ನು ಮನೆಚಪ್ಪಲಿಯ ಹಿಮ್ಮಡಿಯೊಳಗೆ ಇಟ್ಟು ನಡೆದು ನೋಡು. ಇನ್ನು ಸಂಜೆಯ ಒನಕೆ ಪೆಟ್ಟು. ಮೊದಲ ವರ್ಷ ಮೋಟುಗಾಲು ತಿಂಗಳಿಂದ ತಿಂಗಳಿಗೆ ಸಣ್ಣಗಾಗುತ್ತದೆ, ಬೆಳಗಿನಿಂದ ಸಂಜೆಗೂ ಸಣ್ಣಗಾಗುತ್ತದೆ. ಬಟ್ಟಲು ಮಾತ್ರ ಇದ್ದ ಹಾಗೇ ಇರುತ್ತದೆ. ಸಡಿಲವಾದೊಡನೆ ಕಾಲು ಒಳಗೆ ಜಾರುತ್ತದೆ, ತುದಿ ತಳಕ್ಕೆ ಕುಟ್ಟುತ್ತದೆ. ಅಲ್ಲಿಯವರು ಮಾಡಿಕೊಟ್ಟ ಬಟ್ಟಲು ಕೆಟ್ಟದ್ದಲ್ಲ, ಅವರು ಅಂದಿನ ಕಾಲಿಗೆ ಸರಿಯಾಗೇ ಮಾಡಿದ್ದಾರೆ. ಗಂಟಿನಲ್ಲಿ ಹತ್ತಿಯ ಚೀಲ ನಾಲ್ಕಿಟ್ಟಿದ್ದೇನೆ. ಬೆಳಿಗ್ಗೆ ಒಂದು ಹಾಕು. ಮಧ್ಯಾಹ್ನ ಸಡಿಲವೆನಿಸಿದರೆ ಕೂತು, ಬಿಚ್ಚಿ, ಇನ್ನೊಂದು ಸೇರಿಸು. ಯಾರು ನೋಡಿದರೂ ನೋಡಲಿ. ಚೀಲದಲ್ಲಿ ಒಂದು ಸುಕ್ಕೂ ಇರಬಾರದು. ಪ್ರತಿದಿನ ಒಗೆದದ್ದು ಹಾಕು. ಬಟ್ಟಲಿನ ಒಳಗನ್ನು ಸಂಜೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡು. ಕನ್ನಡಿ ಹಿಡಿದು ತುದಿಯನ್ನು ನೋಡಿಕೋ. ಕೆಂಪು ಹತ್ತು ನಿಮಿಷದಲ್ಲಿ ಹೋದರೆ ಹೆದರಬೇಡ. ಹೋಗದಿದ್ದರೆ ಆ ದಿನ ಕಾಲು ಹಾಕಬೇಡ. ಹಲ್ಲು ಮಾತ್ರ ಕಚ್ಚಬೇಡ, ಓಲಿಮ್. ಹಲ್ಲು ಕಚ್ಚು ಎಂದವಳನ್ನು ಕ್ಷಮಿಸಿಬಿಡು.

ಮೂರು ಚೀಲ ಹಾಕಿದರೂ ಸಡಿಲವಾದರೆ ಹೊಸ ಬಟ್ಟಲೇ ಬೇಕು. ಅದನ್ನು ನಾನೇ ಮಾಡಬೇಕು, ಇನ್ನೊಬ್ಬರು ಯಾರೂ ಬೇಡ. ಚಿಕ್ಕವನಿದ್ದಾಗ ಮಲ್ಬೆರಿ ತೋಟದಲ್ಲಿ ಆ ಕಾಲಿಗೆ ಮುಳ್ಳು ಚುಚ್ಚಿದರೆ ನನ್ನ ತೊಡೆಯ ಮೇಲಿಟ್ಟು ತೆಗೆಸಿಕೊಳ್ಳುತ್ತಿದ್ದೆ, ಅಮ್ಮನಿಗೂ ಮುಟ್ಟಲು ಬಿಡುತ್ತಿರಲಿಲ್ಲ. ಈಗ ಉಳಿದಷ್ಟನ್ನು ಮುಟ್ಟಲು ನನಗೆ ಯಾಕೆ ಸಂಕೋಚ, ನಿನಗೆ ಯಾಕೆ ನಾಚಿಕೆ? ದಿನಕ್ಕೆ ಆರು ಜನರ ಕಾಲನ್ನು ಈ ಕೈಯಲ್ಲಿ ಹಿಡಿಯುತ್ತೇನೆ. ಯಾವ ಕಾಲು ಹಿಡಿದರೂ ನಿನ್ನದೇ ನೆನಪಾಗುತ್ತದೆ. ಬಾ ಎಂದು ಒತ್ತಾಯ ಮಾಡುವುದಿಲ್ಲ ಎಂದು ಹೇಳಿದ್ದೆ, ಈಗ ಮಾಡುತ್ತಿದ್ದೇನೆ. ನವ್ರೂಜ್ ಬೆಳಿಗ್ಗೆ ಮನೆ ಗುಡಿಸಿ ಎಲ್ಲರೂ ಹೊರಗೆ ನಿಂತ ಮೇಲೆ ಮೊದಲು ಒಳಗೆ ಬಂದು ಶುಭ ಹೇಳುವುದಕ್ಕೆ ಒಬ್ಬ ಗಂಡಸು ಬೇಕಲ್ಲ. ಅಪ್ಪ ಹೋದಮೇಲೆ ನೀನು, ನೀನು ಹೋದಮೇಲೆ ಎರಡು ವರ್ಷ ಜುಮಾಖಾನ್. ಈ ಸಲ ಅವನೂ ಇಲ್ಲ. ಯಾರನ್ನು ಕರೆಯೋಣ ಅಂದರೆ ಅಮ್ಮ ‘ಯಾರೂ ಬೇಡ, ನೋಡೋಣ’ ಅನ್ನುತ್ತಾಳೆ. ಅವಳಿಗೆ ನೀನೇ ಹೇಳಿಬಿಡು ತಮ್ಮಾ. ಫೋನಿನಲ್ಲೇ ಹೇಳು. ನಾನು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡಿರುತ್ತೇನೆ.

ಕೋಣೆಯ ಹುಡುಗರಿಗೆಲ್ಲ ನನ್ನ ನೆನಪು ಹೇಳು. ಒಣ ಏಪ್ರಿಕಾಟ್ ಎಲ್ಲರಿಗೂ ಹಂಚು, ಮಲ್ಬೆರಿ ಹಿಟ್ಟು ನಿನಗೊಬ್ಬನಿಗೇ. ದೇವರು ನಿನ್ನ ನಿದ್ದೆಯನ್ನೂ ನಿನ್ನ ಚರ್ಮವನ್ನೂ ಕಾಯಲಿ.

ನಿನ್ನ ಅಕ್ಕ,
ಸವ್ಸನ್

ಮರೆತ ಮಾತು: ಶುಕ್ರವಾರ ಬೆಳಿಗ್ಗೆ. ಜುಮಾಖಾನ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಈಗ ಗಂಟು ಕಟ್ಟುವಾಗ ಅಮ್ಮ ಬಂದು ಹಿಮ್ಮಡಿ ಇಲ್ಲದ ಮೂರು ಉಣ್ಣೆಚೀಲ ತಂದು ಒಳಗಿಟ್ಟಳು. ತೆಳ್ಳಗಿನದು ಒಂದು, ನಡುವಿನದು ಒಂದು, ದಪ್ಪದ್ದು ಒಂದು. ‘ಇದು ಅಕ್‌ನಜರ್‌ಗೆ ಸಣ್ಣದಾಯ್ತಲ್ಲಮ್ಮಾ’ ಅಂದೆ. ‘ಅವನ ಅಳತೆ ಯಾಕೆ ಇರುತ್ತೆ? ನನ್ನ ಮಗನ ಅಳತೆ ನನಗೆ ಗೊತ್ತಿಲ್ವಾ’ ಅಂದಳು. ಅವಳಿಗೆ ಜನವರಿಯಿಂದಲೇ ಗೊತ್ತಂತೆ ಓಲಿಮ್. ನೀನು ಫೋನ್ ಮಾಡಿದಾಗ ನಿನ್ನ ಹಿಂದಿನ ಗೋಡೆಯ ಗೂಟದಲ್ಲಿ ಅವಳು ಅಕ್ಟೋಬರ್‌ನಲ್ಲಿ ಹೆಣೆದು ಕಳಿಸಿದ ಜುರಾಬ್ ಜೋಡಿ ನೇತಾಡುತ್ತಿತ್ತಂತೆ. ಒಂದರ ಬಣ್ಣ ಮಾಸಿ ಹಿಮ್ಮಡಿ ತೂತು ಬಿದ್ದಿತ್ತು, ಇನ್ನೊಂದು ಅವಳ ಕೈಯಿಂದ ಹೇಗೆ ಹೋಯಿತೋ ಹಾಗೇ ಇತ್ತಂತೆ. ಐವತ್ತೈದು ವರ್ಷ ಹೆಣೆದಿದ್ದಾಳೆ, ಅವಳಿಗೆ ಬೇರೆ ಏನೂ ಹೇಳಬೇಕಿರಲಿಲ್ಲ. ಆ ವಾರವೇ ಗಾರೆಯವನನ್ನು ಕರೆಸಿದ್ದು. ಆ ಅರ್ಧ ಮೆಟ್ಟಿಲು ನಿನಗೆ, ಅವಳ ಮೊಣಕಾಲಿಗಲ್ಲ. ನೀನಾಗಿ ಹೇಳಲಿ ಎಂದು ಕಾಯುತ್ತಿದ್ದಳಂತೆ, ಇನ್ನು ಕಾಯಲಾರೆ ಎಂದಳು. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಯಾವ ಕಾಲು?’ ನಿನಗೆ ಕೊಟ್ಟ ಮಾತನ್ನು ಒಂದೇ ಪದದಲ್ಲಿ ಮುರಿದೆ. ‘ಎಡ’ ಅಂದೆ. ಕಣ್ಣೊರೆಸಿಕೊಂಡು ಅಂದಳು: ‘ಹೊಸ್ತಿಲು ದಾಟೋಕೆ ಬಲಗಾಲು ತಾನೇ ಮೊದಲು ಇಡೋದು? ಅದಿದೆಯಲ್ಲ. ಬರೋಕೆ ಹೇಳು.’